ನಂಬಿಕೆಯನ್ನು ಬಿಡದೆ ಸೈರಿಸುವುದು ಹೇಗೆ?

ಪ್ರಶ್ನೆ: ನಾನು ದಕ್ಷಿಣ ಕನ್ನಡದ ಪ್ರೊಟೆಸ್ಟೆಂಟ್ ಮನೆತನದಲ್ಲಿ ಬೆಳೆದವಳು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಯೇಸುವೇ ಮಾರ್ಗವೆಂದು ನಂಬುತ್ತೇನೆ ಎಂದು ಒಮ್ಮೆ ಹೇಳಿದ್ದಕ್ಕೆ ಕಚೇರಿಯ ಗೆಳತಿಯರು, ‘ಹಾಗಾದರೆ ನಿನ್ನಲ್ಲಿ ಸಹಿಷ್ಣುತೆ ಇಲ್ಲ’ ಎಂದರು. ಅದೇ ವಾರ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿ ಊಟ ಮಾಡಿ ಪ್ರಸಾದ ತೆಗೆದುಕೊಂಡೆನೆಂದು ತಿಳಿದ ನಮ್ಮ ಪ್ರಾರ್ಥನಾ ಕೂಟದ ಹಿರಿಯರು, ‘ಸಹಿಷ್ಣುತೆಯ ಹೆಸರಿನಲ್ಲಿ ನಂಬಿಕೆಯನ್ನು ಮಾರಿಕೊಳ್ಳಬೇಡ’ ಎಂದರು. ಮನೆಯಲ್ಲಿ ಇನ್ನೊಂದು ಸಂಕಟವಿದೆ. ನನ್ನ ತಮ್ಮ ಮದುವೆಯಾಗದೆ ಒಬ್ಬಳ ಜೊತೆ ಬಾಳುತ್ತಿದ್ದಾನೆ. ಅಪ್ಪ ಅವನನ್ನು ಮನೆಗೆ ಸೇರಿಸುತ್ತಿಲ್ಲ. ಅಪ್ಪನ ನಂಬಿಕೆ ನನ್ನದೂ ಹೌದು. ಆದರೆ ಆ ಮುಚ್ಚಿದ ಬಾಗಿಲನ್ನು ನೋಡಲಾಗುತ್ತಿಲ್ಲ. ಕ್ರೈಸ್ತರಿಗೆ ಸಹಿಷ್ಣುತೆ ಎಂದರೇನು? ಅದು ಎಲ್ಲಿಯವರೆಗೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿದ್ದರೂ ಗಂಟು ಒಂದೇ. ನಿಮ್ಮ ಗೆಳತಿಯರೂ ಪ್ರಾರ್ಥನಾ ಕೂಟದ ಹಿರಿಯರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಸಹಿಸುವುದೆಂದರೆ ಒಪ್ಪುವುದೆಂಬ ಒಂದೇ ಎಣಿಕೆಯಿಂದ ಇಬ್ಬರೂ ಮಾತನಾಡುತ್ತಿದ್ದಾರೆ. ಒಪ್ಪದವಳು ಸಹಿಸಲಾರಳು ಎಂದು ಗೆಳತಿಯರು ತಿಳಿದಿದ್ದಾರೆ. ಸಹಿಸಿದವಳು ಆಗಲೇ ಒಪ್ಪಿಬಿಟ್ಟಳು ಎಂದು ಹಿರಿಯರು ತಿಳಿದಿದ್ದಾರೆ. ಕ್ರೈಸ್ತ ನೀತಿಶಾಸ್ತ್ರವನ್ನು ಹಲವು ವರ್ಷ ಪಾಠ ಮಾಡಿದ ನನಗೆ ಈ ಎಣಿಕೆಯೇ ತಪ್ಪೆಂದು ತೋರುತ್ತದೆ. ಇದು ಬಿದ್ದರೆ ಉಳಿದದ್ದು ತಾನಾಗಿ ಸಡಿಲವಾಗುತ್ತದೆ.

ಮಾತಿನಿಂದಲೇ ಆರಂಭಿಸೋಣ. ಸಿಹಿಯಾದದ್ದನ್ನು ಯಾರೂ ಸಹಿಸುವುದಿಲ್ಲ, ಸವಿಯುತ್ತಾರೆ. ನಾವು ಸಹಿಸುವುದು ಬಿಸಿಲನ್ನು, ನೋವನ್ನು, ಮನಸ್ಸಿಗೆ ಒಗ್ಗದ ಮಾತನ್ನು. ನನಗೆ ಸರಿಕಾಣದ ಒಂದು ಸಂಗತಿ ಎದುರಿಗಿಲ್ಲದೆ ಹೋದರೆ ಸಹನೆಗೆ ಕೆಲಸವೇ ಇರುವುದಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲುದನ್ನೇ ನಿಜವಾದ ಚಿನ್ನವೆಂದಿತು. ಅಲ್ಲಿಯೂ ‘ಪರ’ ಎಂಬುದು ಪರವಾಗಿಯೇ ಉಳಿಯುತ್ತದೆ, ಸ್ವಂತದ್ದಾಗಿ ಮಾರ್ಪಡುವುದಿಲ್ಲ. ಕನ್ನಡ ಸತ್ಯವೇದದ ಅನುವಾದಕರು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪವಿತ್ರಾತ್ಮನ ಫಲಗಳನ್ನು ಎಣಿಸುವಾಗ ‘ದೀರ್ಘಶಾಂತಿ’ ಎಂಬ ಪದವನ್ನು ಇಟ್ಟರು. ಕೆರಳಿಸುವಂಥದ್ದು ಎದುರಿಗಿದ್ದರೂ ಬಹುಕಾಲ ಶಾಂತನಾಗಿರುವುದು ಎಂಬ ಅರ್ಥ ಆ ಒಂದೇ ಪದದಲ್ಲಿ ಅಡಗಿದೆ. ಆದುದರಿಂದ ನಂಬಿಕೆಯಿಲ್ಲದವನ ಸಹಿಷ್ಣುತೆಯನ್ನು ಸಹಿಷ್ಣುತೆ ಎನ್ನಲಾಗದು, ಅದು ಉದಾಸೀನ. ಯಾವುದು ನಿಜವಾದರೂ ನನಗೇನು ಎನ್ನುವವನು ಏನನ್ನೂ ಸಹಿಸುತ್ತಿಲ್ಲ.

ಸುವಾರ್ತೆಗಳಲ್ಲಿ ಈ ವಿಷಯಕ್ಕೆ ನೇರವಾಗಿ ತಾಗುವ ಒಂದು ಪ್ರಸಂಗ ಲೂಕನ ಒಂಬತ್ತನೆಯ ಅಧ್ಯಾಯದಲ್ಲಿದೆ. ಯೆರೂಸಲೇಮಿಗೆ ಹೊರಟ ಯೇಸುವನ್ನು ಸಮಾರ್ಯದ ಒಂದು ಹಳ್ಳಿಯವರು ಸೇರಿಸಿಕೊಳ್ಳಲಿಲ್ಲ. ಸಮಾರ್ಯದವರ ಆರಾಧನೆಯ ಬಗ್ಗೆ ಯೆಹೂದ್ಯರಿಗೆ ಇದ್ದ ತಕರಾರು ಸಣ್ಣದಲ್ಲ. ಯೇಸು ತಾನೇ ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತನಾಡುವಾಗ, ನೀವು ಅರಿಯದೆ ಆರಾಧಿಸುತ್ತೀರಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಆದರೆ ಯಾಕೋಬ ಯೋಹಾನರು, ಆಕಾಶದಿಂದ ಬೆಂಕಿ ಬಿದ್ದು ಆ ಹಳ್ಳಿ ಸುಟ್ಟುಹೋಗಲೆಂದು ಅಪ್ಪಣೆ ಕೇಳಿದಾಗ ಆತನು ಗದರಿಸಿದ್ದು ಹಳ್ಳಿಯವರನ್ನಲ್ಲ, ತನ್ನ ಶಿಷ್ಯರನ್ನು. ಆಮೇಲೆ ಅವರು ಬೇರೊಂದು ಹಳ್ಳಿಗೆ ಹೋದರು ಎಂದಷ್ಟೇ ಲೂಕನು ಬರೆಯುತ್ತಾನೆ. ಸತ್ಯದ ವಿಷಯದಲ್ಲಿ ಯೇಸು ರಾಜಿಯಾಗಲಿಲ್ಲ. ಸತ್ಯವನ್ನು ತಿರಸ್ಕರಿಸಿದವರನ್ನು ಸುಡಲೂ ಬಿಡಲಿಲ್ಲ. ಗೋಧಿಯ ಹೊಲದಲ್ಲಿ ವೈರಿಯು ಕಳೆ ಬಿತ್ತಿದನೆಂದು ಯೇಸು ಹೇಳಿದ ಸಾಮ್ಯದಲ್ಲಿಯೂ, ಅಂದರೆ ದೃಷ್ಟಾಂತಕಥೆಯಲ್ಲಿಯೂ, ಯಜಮಾನನಿಗೆ ಕಳೆ ಯಾವುದೆಂಬ ಸಂಶಯವಿಲ್ಲ. ಆದರೆ ಕಳೆಯನ್ನು ಕೀಳಲು ಹೋಗಿ ಗೋಧಿಯನ್ನೂ ಕಿತ್ತೀರಿ, ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎನ್ನುತ್ತಾನೆ. ಕೀಳುವ ಕೆಲಸ ಆಳುಗಳದ್ದಲ್ಲ, ಅದರ ಹೊತ್ತೂ ಇದಲ್ಲ.

ಈ ಮಾತುಗಳನ್ನು ಬಲ್ಲವರೇ ಇವುಗಳಿಗೆ ವಿರುದ್ಧವಾಗಿ ನಡೆದ ಚರಿತ್ರೆಯನ್ನು ನಾವು ಮರೆಮಾಚಬಾರದು. ನಿಮ್ಮ ಗೆಳತಿಯರ ಮಾತಿನ ಹಿಂದೆ ಆ ಚರಿತ್ರೆಯ ನೆನಪಿದೆ. ಕ್ರೈಸ್ತರು ಕೈಯಲ್ಲಿ ಅಧಿಕಾರವಿಲ್ಲದ ಅಲ್ಪಸಂಖ್ಯಾತರಾಗಿದ್ದಾಗ, ಸುಮಾರು 212ರಲ್ಲಿ, ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ರೋಮನ್ ಅಧಿಕಾರಿ ಸ್ಕಾಪುಲನಿಗೆ ಬರೆಯುತ್ತ, ಧರ್ಮವನ್ನು ಬಲವಂತಪಡಿಸುವುದು ಧರ್ಮದ ಕೆಲಸವಲ್ಲ, ಪ್ರತಿಯೊಬ್ಬನೂ ತನ್ನ ಮನಸ್ಸಿಗೆ ನಿಜವೆಂದು ತೋರಿದಂತೆ ಆರಾಧಿಸುವುದು ಸಹಜವಾದ ಹಕ್ಕು ಎಂದು ವಾದಿಸಿದನು. 313ರಲ್ಲಿ ಕ್ರೈಸ್ತರ ಮೇಲಿನ ಹಿಂಸೆ ನಿಂತಿತು. 380ರಲ್ಲಿ ಕ್ರೈಸ್ತ ಮತವೇ ಸಾಮ್ರಾಜ್ಯದ ಮತವಾಯಿತು. ತೆರ್ತುಲಿಯನ್‌ನ ಮಾತು ಹಿಂದೆ ಸರಿಯಿತು. ನನಗೆ ಹೆಚ್ಚು ನೋವು ಕೊಡುವ ಹೆಸರು ಸಂತ ಆಗಸ್ಟಿನ್‌ನದು, ಏಕೆಂದರೆ ಅವನು ನಾನು ಗೌರವಿಸುವ ಗುರು. ಮೊದಮೊದಲು ಯಾರನ್ನೂ ಬಲವಂತದಿಂದ ಕ್ರೈಸ್ತ ಸಭೆಗೆ (ಚರ್ಚಿಗೆ) ಸೇರಿಸಬಾರದೆಂದಿದ್ದ ಅವನು, ಸಭೆಯಿಂದ ಬೇರೆಯಾಗಿದ್ದ ಉತ್ತರ ಆಫ್ರಿಕದ ಕ್ರೈಸ್ತ ಪಂಗಡವಾದ ದೊನಾತಿಸ್ಟರೊಂದಿಗಿನ ದೀರ್ಘ ಜಗಳದಲ್ಲಿ ಮನಸ್ಸು ಬದಲಾಯಿಸಿ, 408ರ ಸುಮಾರಿಗೆ ಬರೆದ ಪತ್ರವೊಂದರಲ್ಲಿ ಯೇಸು ಹೇಳಿದ ಔತಣದ ಸಾಮ್ಯದ ‘ಬಲವಂತಮಾಡಿ ಒಳಗೆ ಕರೆತಾ’ ಎಂಬ ಮಾತನ್ನು ರಾಜದಂಡದ ಸಮರ್ಥನೆಗೆ ಎಳೆದನು. ಮರಣದಂಡನೆಯನ್ನು ಅವನು ಒಪ್ಪಲಿಲ್ಲ. ಆದರೆ ಊಟಕ್ಕೆ ಕರೆಯುವವನ ಉಪಚಾರದ ಒತ್ತಾಯವನ್ನು ಸೈನಿಕನ ಒತ್ತಾಯವಾಗಿ ಓದಿದ ಆ ಒಂದು ತಪ್ಪಿನ ಬೆಲೆಯನ್ನು ಸಾವಿರ ವರ್ಷ ಇತರರು ತೆತ್ತರು.

ನಮ್ಮ ಕರಾವಳಿಗೂ ಅದರ ಬಿಸಿ ತಟ್ಟಿದೆ. ಗೋವೆಯಲ್ಲಿ 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್, ಅಂದರೆ ಮತನಿಷ್ಠೆಯನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಮಂಡಳಿ, ನಡುವೆ ಕೆಲವು ವರ್ಷ ಬಿಟ್ಟು 1812ರವರೆಗೆ ನಡೆಯಿತು. ಹೊಸದಾಗಿ ಕ್ರೈಸ್ತರಾದವರು ಮನೆಯ ಮುಂದೆ ತುಳಸಿ ನೆಡುವುದು, ಹಿಂದಿನ ಪದ್ಧತಿಯಂತೆ ಉಪ್ಪಿಲ್ಲದೆ ಅನ್ನ ಬೇಯಿಸುವುದು ಮುಂತಾದವನ್ನು 1736ರ ಆಜ್ಞೆಯೊಂದು ನಿಷೇಧಿಸಿತು. ಕೊಂಕಣಿ ಕ್ರೈಸ್ತರು ಗೋವೆ ಬಿಟ್ಟು ಕೆನರಾಕ್ಕೆ ಬಂದದ್ದಕ್ಕೆ ಕ್ಷಾಮ, ಯುದ್ಧ ಮುಂತಾದ ಅನೇಕ ಕಾರಣಗಳಿದ್ದವು. ಈ ಭಯವೂ ಅವುಗಳಲ್ಲೊಂದು. ಪ್ರೊಟೆಸ್ಟೆಂಟರಾದ ನಾವು ಇದನ್ನು ಕೇಳಿ ತಲೆಯೆತ್ತಿ ಕೂರುವ ಹಾಗಿಲ್ಲ. 1553ರ ಅಕ್ಟೋಬರ್ 27ರಂದು ಜಿನೀವಾದಲ್ಲಿ ಮೈಕೆಲ್ ಸರ್ವೆಟಸ್ ಎಂಬ ವೈದ್ಯನನ್ನು ತ್ರಿಯೇಕ ದೇವರ ಬೋಧನೆಯನ್ನು ಅಲ್ಲಗಳೆದನೆಂದು ಜೀವಂತ ಸುಟ್ಟರು. ಆ ನಗರದ ಪ್ರೊಟೆಸ್ಟೆಂಟ್ ಮುಖಂಡ ಕಾಲ್ವಿನ್ ಅವನ ಮರಣದಂಡನೆಯನ್ನು ಒಪ್ಪಿದ್ದನು. ಆಗ ಬಾಸೆಲ್ ನಗರದಲ್ಲಿ ಗ್ರೀಕ್ ಕಲಿಸುತ್ತಿದ್ದ ಸೆಬಾಸ್ಟಿಯನ್ ಕಾಸ್ಟೆಲಿಯೋ ಬರೆದ ಒಂದು ಮಾತನ್ನು ನಾನು ಪ್ರತಿವರ್ಷ ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸುತ್ತಿದ್ದೆ: ಒಬ್ಬ ಮನುಷ್ಯನನ್ನು ಕೊಲ್ಲುವುದು ಒಂದು ಬೋಧನೆಯನ್ನು ಕಾಪಾಡುವುದಲ್ಲ, ಒಬ್ಬ ಮನುಷ್ಯನನ್ನು ಕೊಲ್ಲುವುದು. 1903ರಲ್ಲಿ ಕಾಲ್ವಿನ್‌ನ ಅನುಯಾಯಿಗಳೇ ಸರ್ವೆಟಸ್ ಸತ್ತ ಜಾಗದ ಬಳಿ ಕಲ್ಲು ನೆಟ್ಟು, ತಮ್ಮ ಗುರುವಿನ ಬಗ್ಗೆ ಗೌರವವನ್ನು ಹೇಳುತ್ತಲೇ ಅವನ ತಪ್ಪನ್ನು ತಪ್ಪೆಂದು ಕೆತ್ತಿಸಿದರು.

ಈಗ ನಿಮ್ಮ ಪ್ರಶ್ನೆಯ ಹೃದಯಕ್ಕೆ ಬರುತ್ತೇನೆ. ನಂಬಿಕೆಯಲ್ಲಿ ಬಿಗಿಯಾಗಿದ್ದೂ ಸಹಿಷ್ಣುವಾಗಿರುವುದು ಸಾಧ್ಯವೇ ಎಂದು ಕೇಳಿದಾಗಲೆಲ್ಲ ನನಗೆ ನೆನಪಾಗುವವನು ರಾಜರ್ ವಿಲಿಯಮ್ಸ್. ಲಂಡನ್ನಿನಲ್ಲಿ ಹುಟ್ಟಿದ ಈ ಪ್ಯೂರಿಟನ್ (ಸಭೆಯನ್ನು ಶುದ್ಧಗೊಳಿಸಬೇಕೆಂಬ ಪಂಗಡದ) ಬೋಧಕ 1631ರಲ್ಲಿ ಅಮೆರಿಕದ ಇಂಗ್ಲಿಷ್ ವಸಾಹತಾದ ಮ್ಯಾಸಚೂಸೆಟ್ಸಿನ ಬಾಸ್ಟನ್ನಿಗೆ ಬಂದನು. ಅವನಷ್ಟು ಕಟ್ಟುನಿಟ್ಟಿನ ಮನುಷ್ಯ ಆ ವಸಾಹತಿನಲ್ಲಿ ವಿರಳ. ಇಂಗ್ಲೆಂಡಿನ ಸಭೆಯೊಂದಿಗೆ ಪೂರ್ತಿ ಸಂಬಂಧ ಕಡಿದುಕೊಳ್ಳದ ಸಭೆ ತನಗೆ ಬೇಡವೆಂದು ಬಾಸ್ಟನ್ ಸಭೆಯ ಹುದ್ದೆಯನ್ನೇ ನಿರಾಕರಿಸಿದನು. ಆದರೆ ಅದೇ ಮನುಷ್ಯ, ದೇವರಿಗೂ ಮನುಷ್ಯನಿಗೂ ನಡುವಿನ ಆಜ್ಞೆಗಳನ್ನು ಮೀರಿದವನನ್ನು ಶಿಕ್ಷಿಸುವ ಅಧಿಕಾರ ನ್ಯಾಯಾಧಿಕಾರಿಗಳಿಗಿಲ್ಲ ಎಂದು ಹೇಳಿದನು; ಅಮೆರಿಕದ ಮೂಲನಿವಾಸಿಗಳಿಂದ ಕೊಳ್ಳದೆ ಅವರ ನೆಲವನ್ನು ತನ್ನದೆಂದು ಹಂಚುವ ಹಕ್ಕು ಇಂಗ್ಲೆಂಡಿನ ರಾಜನಿಗಿಲ್ಲ ಎಂದೂ ಹೇಳಿದನು. 1635ರ ಅಕ್ಟೋಬರಿನಲ್ಲಿ ಅವನಿಗೆ ಗಡೀಪಾರು ವಿಧಿಸಲಾಯಿತು. ಮರುವರ್ಷದ ಹಿಮಗಾಲದಲ್ಲಿ ಕಾಡಿನ ದಾರಿಯಲ್ಲಿ ಅಲೆದು, ನ್ಯಾರಗಾನ್ಸೆಟ್ ಎಂಬ ಮೂಲನಿವಾಸಿ ಜನರ ನಾಯಕರಿಂದ ನೆಲ ಪಡೆದು ಪ್ರಾವಿಡೆನ್ಸ್ ಎಂಬ ಊರು ಕಟ್ಟಿದನು. ಅದು ಮುಂದೆ ರೋಡ್ ಐಲೆಂಡ್ ವಸಾಹತಾಗಿ ಬೆಳೆಯಿತು.

ಅವನ ವಾದ ನಂಬಿಕೆಯ ಕೊರತೆಯಿಂದ ಹುಟ್ಟಿದ್ದಲ್ಲ, ನಂಬಿಕೆಯ ಗಾಢತೆಯಿಂದ ಹುಟ್ಟಿದ್ದು. ದೇವರು ಕೇಳುವುದು ಹೃದಯದ ಆರಾಧನೆಯನ್ನು. ದೊಣ್ಣೆಯ ಭಯದಿಂದ ಮೊಣಕಾಲೂರಿದವನು ದೇವರಿಗೆ ಏನನ್ನೂ ಕೊಟ್ಟಿಲ್ಲ, ಕಪಟವನ್ನು ಕಲಿತಿದ್ದಾನೆ, ಅಷ್ಟೆ. ಆದುದರಿಂದ ಬಲವಂತದ ಆರಾಧನೆಯನ್ನು ಅವನು ಆತ್ಮದ ಮೇಲಿನ ಅತ್ಯಾಚಾರವೆಂದು ಕರೆದನು. 1644ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಗ್ರಂಥ ಯೆಹೂದ್ಯರು, ತುರ್ಕಿಯವರು (ಆಗ ಮುಸ್ಲಿಮರನ್ನು ಹೀಗೆ ಕರೆಯುತ್ತಿದ್ದರು), ವಿಗ್ರಹಾರಾಧಕರು, ಕೊನೆಗೆ ತಾನು ಕ್ರಿಸ್ತವಿರೋಧಿಗಳೆಂದು ತಿಳಿದವರಿಗೂ ಆರಾಧನೆಯ ಸ್ವಾತಂತ್ರ್ಯ ಇರಬೇಕೆಂದು ವಾದಿಸಿತು. ಪಾರ್ಲಿಮೆಂಟು ಆ ಗ್ರಂಥವನ್ನು ಸುಡಲು ಆಜ್ಞೆ ಮಾಡಿತು.

ಕ್ವೇಕರರು ಎಂಬ ಹೊಸ ಕ್ರೈಸ್ತ ಪಂಗಡದವರು ಬಂದಾಗ ಈ ವಾದಕ್ಕೆ ನಿಜವಾದ ಪರೀಕ್ಷೆ ಒದಗಿತು. ಅಂತರಂಗದ ಬೆಳಕೆಂದು ಅವರು ಕರೆಯುತ್ತಿದ್ದುದು ಲಿಖಿತ ದೇವವಾಕ್ಯವನ್ನು ಬದಿಗೆ ಸರಿಸುತ್ತದೆಂದು ವಿಲಿಯಮ್ಸ್ ನಂಬಿದ್ದನು; ಅವರ ಬೋಧನೆ ಆತ್ಮಗಳಿಗೆ ವಿಷವೆಂದೇ ಅವನ ತೀರ್ಮಾನ. ಮ್ಯಾಸಚೂಸೆಟ್ಸ್ ವಸಾಹತು ಕ್ವೇಕರರನ್ನು ಚಾಟಿಯಿಂದ ಹೊಡೆಸಿತು, ಕಿವಿ ಕೊಯ್ಯಿಸಿತು, 1659ರಿಂದ 1661ರ ನಡುವೆ ನಾಲ್ವರನ್ನು ನೇಣಿಗೆ ಹಾಕಿತು. ಅವರಲ್ಲಿ 1660ರಲ್ಲಿ ಸತ್ತ ಮೇರಿ ಡೈಯರ್ ರೋಡ್ ಐಲೆಂಡಿನವಳೇ. ಕ್ವೇಕರರನ್ನು ನೀವೂ ಹೊರಹಾಕಿರೆಂದು 1657ರಲ್ಲಿ ನೆರೆಯ ವಸಾಹತುಗಳು ಒತ್ತಾಯಿಸಿದಾಗ ರೋಡ್ ಐಲೆಂಡ್ ಒಪ್ಪಲಿಲ್ಲ. ಎಲ್ಲಿ ಅವರಿಗೆ ಬಿಡುಮನಸ್ಸಿನಿಂದ ಮಾತನಾಡಲು ಬಿಟ್ಟು ಕೇವಲ ವಾದದಿಂದ ಎದುರಿಸುತ್ತಾರೋ ಅಲ್ಲಿಗೆ ಬರಲು ಅವರಿಗೆ ಆಸೆಯೇ ಕಡಿಮೆಯೆಂದು ಅದರ ಉತ್ತರದಲ್ಲಿತ್ತು. ವಿಲಿಯಮ್ಸ್ ಆಗಲೂ ಸುಮ್ಮನಿರಲಿಲ್ಲ. 1672ರಲ್ಲಿ, ಎಪ್ಪತ್ತರ ಸಮೀಪದ ಮುದುಕ, ದಿನವಿಡೀ ತಾನೇ ಹುಟ್ಟು ಹಾಕಿ ದೋಣಿಯಲ್ಲಿ ನ್ಯೂಪೋರ್ಟಿಗೆ ಹೋಗಿ, ಮೂರು ದಿನ ಅಲ್ಲಿ, ಒಂದು ದಿನ ಪ್ರಾವಿಡೆನ್ಸಿನಲ್ಲಿ ಕ್ವೇಕರ್ ಬೋಧಕರೊಡನೆ ವಾದ ಮಾಡಿದನು. ಅವನ ಮಾತು ಮೃದುವಾಗಿತ್ತೆಂದು ನಾನು ಹೇಳಲಾರೆ. ಆ ವಾದವನ್ನು 1676ರಲ್ಲಿ ಅಚ್ಚು ಹಾಕಿಸಿದಾಗ ಬಹಳ ಖಾರವಾಗಿಯೇ ಬರೆದಿದ್ದಾನೆ. ಆದರೆ ತನ್ನ ಊರಿನಲ್ಲಿ ಅವರ ಒಂದು ಕೂದಲನ್ನೂ ಯಾರೂ ಮುಟ್ಟದಂತೆ ನೋಡಿಕೊಂಡ ವ್ಯವಸ್ಥೆಯನ್ನು ಕಟ್ಟಿದವನೂ ಅವನೇ. ನಿಮ್ಮ ಗೆಳತಿಯರಿಗೂ ಹಿರಿಯರಿಗೂ ಒಟ್ಟಿಗೆ ತೋರಿಸಬಹುದಾದ ಉದಾಹರಣೆ ಇದು. ಒಪ್ಪದಿರುವುದಕ್ಕಾಗಿ ದೋಣಿ ಹುಟ್ಟು ಹಾಕಿದ ತೋಳೂ ಹಿಂಸೆಯನ್ನು ತಡೆದ ತೋಳೂ ಒಂದೇ.

ಸಹಿಷ್ಣುತೆಗೆ ಎಲ್ಲೆ ಇದೆಯೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೂ ಅವನಲ್ಲಿ ಉತ್ತರವಿದೆ. 1655ರಲ್ಲಿ ತನ್ನ ಊರಿನವರಿಗೆ ಬರೆದ ಪತ್ರದಲ್ಲಿ ಸಮಾಜವನ್ನು ಅವನು ಒಂದು ಹಡಗಿಗೆ ಹೋಲಿಸುತ್ತಾನೆ. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಯೆಹೂದ್ಯರು, ತುರ್ಕಿಯವರು ಅದೇ ಹಡಗಿನಲ್ಲಿದ್ದಾರೆ. ಹಡಗಿನ ಪ್ರಾರ್ಥನೆಗೆ ಬರಬೇಕೆಂದು ಯಾರನ್ನೂ ಬಲವಂತ ಮಾಡಬಾರದು, ಅವರವರ ಪ್ರಾರ್ಥನೆಯಿಂದ ಯಾರನ್ನೂ ತಡೆಯಬಾರದು. ಆದರೆ ಹಡಗಿನ ದಾರಿ, ಅಲ್ಲಿ ನಡೆಯಬೇಕಾದ ನ್ಯಾಯ, ಶಾಂತಿ ಇವು ಕಪ್ತಾನನ ಹೊಣೆ. ಬಾಡಿಗೆ ಕೊಡದವನನ್ನು, ದಂಗೆಯೆದ್ದು ಇತರರಿಗೆ ಕೇಡು ಮಾಡುವವನನ್ನು ಅವನು ತಡೆಯಬಹುದು, ಶಿಕ್ಷಿಸಬಹುದು. ಒಬ್ಬನ ಆರಾಧನೆ ಒಂದು, ಒಬ್ಬನು ಇನ್ನೊಬ್ಬನಿಗೆ ಮಾಡುವ ಕೇಡು ಇನ್ನೊಂದು.

ಈ ಎರಡನೆಯದರಲ್ಲಿ ಸಹಿಷ್ಣುತೆಯ ಮಾತೆತ್ತುವುದೇ ಪಾಪವಾಗುವ ಸಂದರ್ಭಗಳಿವೆ. ನನ್ನ ಮೇಲಾದ ಅನ್ಯಾಯವನ್ನು ಸಹಿಸಿಕೊಳ್ಳಲು ನನಗೆ ಅಧಿಕಾರವಿದೆ; ನೆರೆಯವನ ಮೇಲಾದ ಅನ್ಯಾಯವನ್ನು ಅವನ ಪರವಾಗಿ ನಾನು ಸಹಿಸಿಕೊಂಡರೆ ಅದು ದೀರ್ಘಶಾಂತಿಯಲ್ಲ, ಅವನನ್ನು ಕೈಬಿಟ್ಟದ್ದು. ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ 1963ರ ಏಪ್ರಿಲಿನಲ್ಲಿ ಸೆರೆಯಲ್ಲಿದ್ದ ಮಾರ್ಟಿನ್ ಲೂಥರ್ ಕಿಂಗ್, ಕರಿಯರು ಇನ್ನಷ್ಟು ತಾಳ್ಮೆಯಿಂದಿರಲಿ ಎಂದು ಬೋಧಿಸಿದ ಬಿಳಿಯ ಧರ್ಮಗುರುಗಳಿಗೆ ಬರೆದ ಪತ್ರದ ತಿರುಳು ಇದೇ: ಇನ್ನೊಬ್ಬನ ಸ್ವಾತಂತ್ರ್ಯಕ್ಕೆ ಕಾಲಾವಧಿಯನ್ನು ನೀವು ಗೊತ್ತುಮಾಡಬೇಡಿ. ನಮ್ಮಲ್ಲಿ ಜಾತಿಯ ವಿಷಯ ಹಾಗೆಯೇ. ತಮಿಳುನಾಡಿನ ಕೆಲವು ಕಡೆ ಕ್ರೈಸ್ತ ಸ್ಮಶಾನದೊಳಗೇ ದಲಿತರ ಸಮಾಧಿಗಳನ್ನು ಬೇರೆಯಾಗಿಟ್ಟ ಗೋಡೆಗಳಿವೆ. ಅದನ್ನು ‘ಅವರವರ ಪದ್ಧತಿ’ ಎಂದು ಸಹಿಸುವ ಸಭಾಪಾಲಕನು, ಅನ್ಯಮತದ ಪ್ರಸಾದವನ್ನು ಮುಟ್ಟದಿರುವುದರಲ್ಲಿ ಎಷ್ಟೇ ನಿಷ್ಠನಾಗಿದ್ದರೂ, ಸುವಾರ್ತೆಯನ್ನು ತಲೆಕೆಳಗಾಗಿ ಹಿಡಿದಿದ್ದಾನೆ. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರ ಬಗ್ಗೆ ಯೇಸು ಹೇಳಿದ ಮಾತು ಇಲ್ಲಿಗೆ ಸಲ್ಲುತ್ತದೆ.

ಕ್ಯಾಥೊಲಿಕ್ ಧರ್ಮಸಭೆ ಈ ವಿಷಯದಲ್ಲಿ ನಡೆದ ದಾರಿಯನ್ನು ಚಿಕ್ಕದಾಗಿ ಹೇಳುತ್ತೇನೆ. 1832ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿ ಮನಸ್ಸಾಕ್ಷಿಯ ಸ್ವಾತಂತ್ರ್ಯವೆಂಬುದನ್ನು ಹುಚ್ಚು ಹರಟೆಯೆಂಬಂತೆ ತಳ್ಳಿಹಾಕಿದ್ದರು. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ 2308 ಮತಗಳು ಪರವಾಗಿ, 70 ವಿರುದ್ಧವಾಗಿ ಬಿದ್ದು, ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಹೊರಬಂದಿತು. ಸತ್ಯವು ತನ್ನ ಸತ್ಯದ ಬಲದಿಂದ ಮಾತ್ರ ಮನಸ್ಸನ್ನು ಗೆಲ್ಲಬೇಕೇ ಹೊರತು ಬೇರೆ ಬಲದಿಂದಲ್ಲ ಎಂಬುದು ಅದರ ಸಾರ. ಕ್ರಿಸ್ತನೇ ಮಾರ್ಗವೆಂಬ ಬೋಧನೆಯನ್ನು ಆ ಮಹಾಸಭೆ ಒಂದು ಅಕ್ಷರದಷ್ಟೂ ಬಿಡಲಿಲ್ಲ ಎಂಬುದನ್ನು ಗಮನಿಸಿ.

ನಿಮ್ಮ ಊರಿನ ಸಭೆಗಳ ನೆನಪಿನಲ್ಲಿಯೂ ಇದರ ಎರಡು ಮುಖಗಳಿವೆ. ಕಾಸ್ಟೆಲಿಯೋ ಬಾಳಿದ ಅದೇ ಬಾಸೆಲ್ ನಗರದ ಹೆಸರು ಹೊತ್ತ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಅದರ ಬೋಧಕರಲ್ಲಿ ಕೆಲವರು ಜಾತ್ರೆಗಳಲ್ಲಿ ನಿಂತು ಅಲ್ಲಿನ ಆರಾಧನೆಯನ್ನು ನೋಯಿಸುವ ಮಾತಿನಿಂದ ಖಂಡಿಸಿದ್ದುಂಟು. ಅದನ್ನು ಇಂದು ಸಮರ್ಥಿಸುವ ಅಗತ್ಯ ನಮಗಿಲ್ಲ. ಅದೇ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚಿಗೆ ತಂದರು. ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಜೈನ ಕವಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಇವರು ವೈಷ್ಣವರ, ವೀರಶೈವರ, ಜೈನರ ಮತಗಳನ್ನು ಒಪ್ಪಿದವರಲ್ಲ; ಒಪ್ಪದವರ ಮಾತನ್ನು ಅಕ್ಷರ ಅಕ್ಷರವಾಗಿ ಕೇಳಿಸಿಕೊಳ್ಳಲು ಆಯುಷ್ಯವನ್ನು ಕೊಟ್ಟವರು. ತನ್ನ ಮತದವನಲ್ಲದವನ ಕಾವ್ಯದ ಒಂದು ಶಬ್ದದ ಅರ್ಥ ತಪ್ಪಬಾರದೆಂದು ಹೆಣಗುವುದನ್ನು ನಾನು ಸಹಿಷ್ಣುತೆಯ ಬಹಳ ಎತ್ತರದ ಮೆಟ್ಟಿಲೆಂದು ಭಾವಿಸುತ್ತೇನೆ.

ಈಗ ನಿಮ್ಮ ಗೆಳತಿಯರ ಮಾತು. ಯೇಸುವೇ ಮಾರ್ಗವೆಂಬ ನಂಬಿಕೆ ಬೇರೆ ನಂಬಿಕೆಗಳೊಡನೆ ಕೆಲವು ಕಡೆ ಹೊಂದುವುದಿಲ್ಲ ಎಂಬುದು ನಿಜ, ಅದನ್ನು ಅವರ ಮುಂದೆ ಮರೆಮಾಡಬೇಡಿ. ಆದರೆ ಎಲ್ಲ ಮಾರ್ಗಗಳೂ ಒಂದೇ ಎಂಬುದೂ ಒಂದು ನಂಬಿಕೆಯೇ; ಅದು ನಿಮ್ಮದರೊಡನೆ ಹೊಂದುವುದಿಲ್ಲ, ಅದ್ವೈತಿಯ ಮಾತು ದ್ವೈತಿಯ ಮಾತಿನೊಡನೆ ಹೊಂದುವುದಿಲ್ಲ. ಉಡುಪಿಯ ಅಷ್ಟಮಠಗಳ ಪಂಡಿತರು ಶೃಂಗೇರಿಯ ಪಂಡಿತರೊಡನೆ ಶತಮಾನಗಳಿಂದ ವಾದಿಸುತ್ತ ಬಂದಿದ್ದಾರೆ. ಹಾಗೆಂದು ಅವರನ್ನು ಯಾರೂ ಅಸಹಿಷ್ಣುಗಳೆನ್ನುವುದಿಲ್ಲ. ಇಷ್ಟನ್ನು ಹೇಳಿದ ಮೇಲೆ, ಇದನ್ನು ವಾದದ ಗೆಲುವಿಗೆ ಬಳಸಬೇಡಿರೆಂದು ಬೇಡುತ್ತೇನೆ. ಕೇಳಿದವರಿಗೆ ನಿಮ್ಮ ನಿರೀಕ್ಷೆಗೆ ಕಾರಣವನ್ನು ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಿರಿ ಎಂದು ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಬರೆಯುತ್ತಾನೆ. ಅಲ್ಲಿ ‘ಕೇಳಿದವರಿಗೆ’ ಎಂಬುದಕ್ಕೆ ತೂಕವಿದೆ. ಗೆಳತಿಯರು ನಿಮ್ಮ ಬಾಯಿಂದ ಆ ಮಾತು ಕೇಳಿದಾಗ, ತಾವು ನಿಮ್ಮ ಕಣ್ಣಿಗೆ ಕೀಳಾಗಿದ್ದೇವೆಯೇ ಎಂಬ ಅಳುಕು ಅವರಿಗೆ ಆಗಿರಬಹುದು. ಆ ಅಳುಕಿಗೆ ವಾದ ಉತ್ತರವಲ್ಲ; ಅವರ ಕಾಯಿಲೆ, ಸಾವು, ಮದುವೆ, ಸಂಕಟಗಳಲ್ಲಿ ನೀವು ಅವರ ಪಕ್ಕದಲ್ಲಿ ಇರುವ ರೀತಿ ಉತ್ತರ.

ಪ್ರಸಾದದ ವಿಷಯ ಇದಕ್ಕಿಂತ ಸೂಕ್ಷ್ಮ. ಕೊರಿಂಥದ ಸಭೆಯಲ್ಲಿ ಎದ್ದದ್ದು ಸುಮಾರಾಗಿ ಇದೇ ಪ್ರಶ್ನೆ. ಅಪೊಸ್ತಲ ಪೌಲನು ಅವರಿಗೆ ಬರೆದ ಮೊದಲನೆಯ ಪತ್ರಿಕೆಯ ಎಂಟರಿಂದ ಹತ್ತನೆಯ ಅಧ್ಯಾಯದವರೆಗೆ ಅದನ್ನು ಬಿಡಿಸಿ ಬಿಡಿಸಿ ನೋಡುತ್ತಾನೆ. ಅವನು ಎಲ್ಲದಕ್ಕೂ ಒಂದೇ ಕಡ್ಡಿ ಇಟ್ಟು ಅಳೆಯುವುದಿಲ್ಲ. ವಿಗ್ರಹದ ಪೂಜೆಯಲ್ಲೇ ಭಾಗಿಯಾಗುವುದು ಕರ್ತನ ಮೇಜಿಗೆ, ಅಂದರೆ ಪ್ರಭುಭೋಜನಕ್ಕೆ, ಬರುವವನಿಗೆ ತಕ್ಕದ್ದಲ್ಲ ಎನ್ನುತ್ತಾನೆ. ಪೇಟೆಯಲ್ಲಿ ಮಾರುವ ಮಾಂಸವನ್ನು ಪ್ರಶ್ನೆ ಕೇಳದೆ ತಿನ್ನಿರಿ ಎನ್ನುತ್ತಾನೆ. ನಂಬದವರು ಊಟಕ್ಕೆ ಕರೆದು ನಿಮಗೆ ಹೋಗಬೇಕೆನಿಸಿದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆ ಕೇಳದೆ ಊಟ ಮಾಡಿರಿ ಎನ್ನುತ್ತಾನೆ; ಇದು ಅರ್ಪಿತವಾದದ್ದು ಎಂದು ಯಾರಾದರೂ ತಿಳಿಸಿದರೆ ಮಾತ್ರ ಆ ತಿಳಿಸಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಿರಿ ಎನ್ನುತ್ತಾನೆ. ಗೃಹಪ್ರವೇಶಕ್ಕೆ ಹೋದದ್ದರಲ್ಲಿ, ಪಂಕ್ತಿಯಲ್ಲಿ ಕೂತು ಉಂಡದ್ದರಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ಹೋಗದಿದ್ದರೆ ದೋಷವಿತ್ತು ಎನ್ನುವೆ. ಇನ್ನು ಪ್ರಸಾದವೆಂದೇ ಕೈಗೆ ಕೊಟ್ಟದ್ದನ್ನು ತೆಗೆದುಕೊಳ್ಳುವ ವಿಷಯದಲ್ಲಿ ಭಾರತದ ಕ್ರೈಸ್ತರು ಪ್ರಾಮಾಣಿಕವಾಗಿಯೇ ಭಿನ್ನಾಭಿಪ್ರಾಯ ಹೊಂದಿದ್ದಾರೆ. ಅದನ್ನು ಸ್ನೇಹದ ಕಾಣಿಕೆಯೆಂದು ಸ್ವೀಕರಿಸುವವರಿದ್ದಾರೆ. ಕೊಡುವವರಿಗೆ ಅದು ದೇವರ ಪಾಲು, ನನಗೆ ಬರೀ ತಿಂಡಿ ಎಂದು ನಟಿಸುವುದು ಅವರ ಭಕ್ತಿಗೆ ಅಗೌರವವೆಂದು ಕೈಮುಗಿದು ಬಿಡುವವರೂ ಇದ್ದಾರೆ. ನಾನು ಎರಡನೆಯ ಗುಂಪಿಗೆ ಸೇರಿದವನು. ಆದರೆ ನನ್ನ ತೀರ್ಮಾನವನ್ನು ನಿಮ್ಮ ಮೇಲೆ ಹೊರಿಸುವ ಅಧಿಕಾರ ನನಗಿಲ್ಲ, ನಿಮ್ಮ ಹಿರಿಯರಿಗೂ ಇಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಪೌಲನು, ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು, ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಲಿ ಎಂದದ್ದು ಇಂಥದ್ದಕ್ಕೇ. ನಿಶ್ಚಯವಿರಬೇಕು ಎಂದವನೂ ಅದೇ ಉಸಿರಿನಲ್ಲಿ ತೀರ್ಪು ಬೇಡ ಎಂದವನೂ ಒಬ್ಬನೇ ಅಪೊಸ್ತಲ.

ಒಂದು ತಪ್ಪೊಪ್ಪಿಗೆ ಇಲ್ಲಿ ಹೇಳಬೇಕು. ಸಭಾಪಾಲಕನಾಗಿ ಹೊಸದಾಗಿ ನೇಮಕಗೊಂಡಿದ್ದ ದಿನಗಳಲ್ಲಿ, ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಗೌರಿ ಹಬ್ಬದಂದು ಬಾಗಿಲಿಗೆ ತಂದ ತಟ್ಟೆಯನ್ನು ನಾನು, ಅವರನ್ನು ಒಳಗೆ ಕರೆಯದೆ, ಕೂರಲು ಹೇಳದೆ, ಹೊಸ್ತಿಲಲ್ಲೇ ನಿಂತು ‘ನಾವು ಇದನ್ನು ಮುಟ್ಟುವುದಿಲ್ಲ’ ಎಂದು ಹಿಂದಿರುಗಿಸಿದೆ. ಆ ತಾಯಿ ಏನೂ ಹೇಳದೆ ತಟ್ಟೆಗೆ ಸೆರಗು ಮುಚ್ಚಿಕೊಂಡು ಹೋದರು. ನನ್ನ ನಿಶ್ಚಯ ಇಂದಿಗೂ ಬದಲಾಗಿಲ್ಲ; ಆದರೆ ಅಂದು ನಾನು ಕಾಪಾಡಿದ್ದು ನಿಶ್ಚಯವನ್ನಲ್ಲ, ಗರ್ವವನ್ನು. ಮರುವರ್ಷ ಅವರನ್ನು ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ನನ್ನ ಕಾರಣವನ್ನು ಹೇಳಿ ಕೈಮುಗಿದೆ. ಅವರು ಮುಂದಿನ ಹಬ್ಬದಿಂದ ಪೂಜೆಗೆ ಇಡುವ ಮೊದಲೇ ನಮ್ಮ ಪಾಲಿನ ಹೋಳಿಗೆಯನ್ನು ತೆಗೆದಿರಿಸಿ ಕಳಿಸತೊಡಗಿದರು. ನನ್ನ ನಂಬಿಕೆಯನ್ನು ಅವರು ಸೈರಿಸಿದ ರೀತಿ ಅದು. ಅದನ್ನು ನಾನು ಯಾವ ಗ್ರಂಥದಲ್ಲೂ ಕಲಿತಿರಲಿಲ್ಲ.

ಕೊನೆಗೆ ನಿಮ್ಮ ತಮ್ಮನ ವಿಷಯ. ಗಂಡು ಹೆಣ್ಣು ಕೂಡಿ ಬಾಳುವುದು ವಿವಾಹದ ಒಡಂಬಡಿಕೆಯೊಳಗೆ ಎಂಬುದು ಸಭೆಯ ಬೋಧನೆ. ನಾನೂ ಅದನ್ನೇ ನಂಬುತ್ತೇನೆ. ನೀವು ಅದನ್ನು ತಮ್ಮನಿಗೆ ಹೇಳಬಹುದು. ಒಮ್ಮೆ, ಪ್ರೀತಿಯಿಂದ, ಸ್ಪಷ್ಟವಾಗಿ ಹೇಳಿದರೆ ಸಾಕು. ಪ್ರತಿ ಫೋನಿನಲ್ಲೂ ಪ್ರತಿ ಊಟದಲ್ಲೂ ಹೇಳುವುದು ಸಾಕ್ಷಿಯಲ್ಲ, ಕಾಟ. ಕೊರಿಂಥದ ಸಭೆಯಿಂದ ಒಬ್ಬನನ್ನು ದೂರವಿಡಲು ಪೌಲನು ಹೇಳಿದ ಐದನೆಯ ಅಧ್ಯಾಯವನ್ನು ನಿಮ್ಮ ತಂದೆಯವರು ಎತ್ತಿ ಹೇಳಬಹುದು. ಆದರೆ ಅಲ್ಲಿ ನಡೆದದ್ದು ತಂದೆಯ ಹೆಂಡತಿಯನ್ನೇ ಇಟ್ಟುಕೊಂಡ ಪ್ರಕರಣ. ಸಭೆಯು ಅದರ ಬಗ್ಗೆ ಉಬ್ಬಿಕೊಂಡಿತ್ತು. ಅದು ಸಭೆಯ ಶಿಸ್ತಿನ ಮಾತು, ಅಡುಗೆಮನೆಯ ಬಾಗಿಲಿನ ಮಾತಲ್ಲ. ಆ ಶಿಸ್ತೂ ಕೂಡ ಅವನ ಆತ್ಮ ಉಳಿಯಲೆಂದೇ.

ತಂದೆಯವರ ನಂಬಿಕೆಯನ್ನು ಹಳಬರದ್ದು, ಕಾಲಕ್ಕೆ ಹೊಂದದ್ದು ಎಂದು ಅವರ ಮುಂದೆ ಹಗುರಾಗಿ ಆಡಬೇಡಿ. ಹಾಗೆ ಆಡಿದರೆ ಬಾಗಿಲು ಇನ್ನಷ್ಟು ಬಿಗಿಯಾಗುತ್ತದೆ, ಮತ್ತು ನೀವು ಹಾಗೆ ನಂಬುವುದೂ ಇಲ್ಲ. ಒಂದು ಸಂಜೆ ಅವರೊಂದಿಗೆ ಕೂತು ಲೂಕನ ಹದಿನೈದನೆಯ ಅಧ್ಯಾಯವನ್ನು ಓದಿ. ಹಾಳಾಗಿ ಹಿಂದಿರುಗುವ ಮಗನನ್ನು ತಂದೆ ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುವ 20ನೆಯ ವಚನ ಅವರಿಗೆ ಬಾಯಿಪಾಠವಿರುತ್ತದೆ. ಮಗ ತಿದ್ದಿಕೊಂಡು ಬರಲಿ, ಆಗ ನಾನೂ ಅಪ್ಪಿಕೊಳ್ಳುತ್ತೇನೆ ಎಂದು ಅವರು ಉತ್ತರಿಸಬಹುದು. ಆಗ 12ನೆಯ ವಚನಕ್ಕೆ ಹಿಂದಿರುಗಿ. ಮಗ ಪಾಲು ಕೇಳಿದಾಗ ಅವನು ಎಲ್ಲಿಗೆ ಹೊರಟಿದ್ದಾನೆಂದು ತಂದೆಗೆ ತಿಳಿದಿರಲಾರದೇ? ಆದರೂ ಆಸ್ತಿಯನ್ನು ಹಂಚಿಕೊಟ್ಟನು. ಅವನನ್ನು ಕಟ್ಟಿಹಾಕಲಿಲ್ಲ, ಅವನ ದಾರಿ ಸರಿಯೆಂದೂ ಹೇಳಲಿಲ್ಲ. ಮಗ ಇನ್ನೂ ದೂರದಲ್ಲಿರುವಾಗಲೇ ಕಂಡನೆಂದರೆ ಅವನ ಕಣ್ಣು ದಾರಿಯ ಮೇಲೆಯೇ ಇತ್ತು. ಮಗ ತಿದ್ದಿಕೊಂಡಿದ್ದಾನೋ ಇಲ್ಲವೋ ತಿಳಿಯುವ ಮೊದಲೇ ಓಡಿದನು, ತಪ್ಪೊಪ್ಪಿಗೆಯ ಮಾತು ಬಂದದ್ದು ಅಪ್ಪುಗೆಯ ನಂತರ. ಇಷ್ಟನ್ನು ಓದಿ, ಈ ಕ್ರಿಸ್‌ಮಸ್ಸಿಗೆ ತಮ್ಮನನ್ನು ಒಂದು ಹೊತ್ತಿನ ಊಟಕ್ಕಾದರೂ ಕರೆಯೋಣವೇ ಎಂದು ಅಪ್ಪನನ್ನು ಕೇಳಿ. ಅವನ ಜೊತೆಗಿರುವ ಆ ಹುಡುಗಿಯನ್ನೂ ಹೆಸರು ಹಿಡಿದು ಕರೆಯಿರಿ.